ಬರೀ ಕನ್ನಡ ಮೀಡಿಯಂ

ನನ್ನ ಕಿವಿ ಹೋದದ್ದು ಪಿಯುಸಿ ಮೊದಲ ವರ್ಷದಲ್ಲಿ. ಒಂದೇ ದಿನಕ್ಕೆ ಹೋದದ್ದಲ್ಲ. ಕಾಲೇಜು ಶುರುವಾದಾಗ ಚೆನ್ನಾಗಿಯೇ ಇತ್ತು, ಸಂಕ್ರಾಂತಿ ಕಳೆಯುವ ಹೊತ್ತಿಗೆ ಬಹುಪಾಲು ಇರಲಿಲ್ಲ. ನಡುವೆ ಯಾರಾದರೂ ಗಮನಿಸಿದ್ದರೆ ಅರ್ಧಕ್ಕರ್ಧ ಉಳಿಯುತ್ತಿತ್ತು ಎಂದು ಆಮೇಲೆ ಕಿವಿಯ ಡಾಕ್ಟರು ಹೇಳಿದರು. ಗಮನಿಸುವುದಕ್ಕೆ ತಕ್ಕ ಜಾಗವೂ ಇತ್ತು. ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಕೇಳಿಸಿಕೊಳ್ಳುವ ಅಭ್ಯಾಸ ನಡೆಯುತ್ತಿತ್ತು, ನಾನು ಟೇಪ್ ರೆಕಾರ್ಡರಿನ ಎದುರಿಗೇ ಕೂತಿರುತ್ತಿದ್ದೆ. ಈಗಲೂ ಯಾರಾದರೂ ನನ್ನ ಕಿವಿಯ ಮಷಿನ್ನು ನೋಡಿ “ಏನ್ಮಾಡೋದು, ಹಣೆಬರಹ” ಎಂದರೆ ಮೈಯೆಲ್ಲ ಉರಿಯುತ್ತದೆ. ಹಣೆಬರಹಕ್ಕೂ ಇದಕ್ಕೂ ಸಂಬಂಧವಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಬೆಂಗಳೂರಿನ ಶ್ರೀನಗರದಲ್ಲಿ. ಹತ್ತನೇ ಕ್ಲಾಸಿನ ತನಕ ಮನೆಯ ಹತ್ತಿರದ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಒಳ್ಳೆಯ ಮಾರ್ಕ್ಸ್ ತೆಗೆದು, ಜಯನಗರದ ಒಂದು ಹುಡುಗಿಯರ ಕಾಲೇಜಿನಲ್ಲಿ ಸೈನ್ಸ್ ಸೇರಿದ್ದೆ. ಅಲ್ಲಿ ಎಲ್ಲವೂ ಇಂಗ್ಲಿಷ್. ಫಿಸಿಕ್ಸ್ ಲೆಕ್ಚರರ್ ಬಾಯಿ ತೆಗೆದರೆ ನಮ್ಮಂಥವರು ಪಿಳಿಪಿಳಿ ಕಣ್ಣು ಬಿಡುತ್ತಾ ಬೋರ್ಡಿನ ಮೇಲೆ ಬರೆದದ್ದನ್ನಷ್ಟೇ ಇಳಿಸಿಕೊಳ್ಳುತ್ತಿದ್ದೆವು. ಹಿಂದಿನ ಬೆಂಚುಗಳೆಲ್ಲ ನಮ್ಮವೇ. ಕಾನ್ವೆಂಟಿನ ಹುಡುಗಿಯರು ನಮ್ಮನ್ನು ಹೀಯಾಳಿಸುತ್ತಿರಲಿಲ್ಲ, ಅಷ್ಟರಮಟ್ಟಿಗೆ ನಾವು ಅವರ ಕಣ್ಣಿಗೆ ಬಿದ್ದಿರಲೂ ಇಲ್ಲ.

ಕಣ್ಣಿಗೆ ಬಿದ್ದದ್ದು ಇಂಗ್ಲಿಷ್ ಮೇಡಂಗೆ. ಐವತ್ತು ದಾಟಿದ ಹೆಂಗಸು, ಗಂಜಿ ಹಾಕಿದ ಹತ್ತಿ ಸೀರೆ, ದಪ್ಪ ಕನ್ನಡಕ. “ಓದಿ ಬರ್ದು ಪಾಸಾಗ್ತೀರ, ಅದು ನಂಗೊತ್ತು. ಆದ್ರೆ ಪಾಠ ಕೇಳಿಸ್ಕೊಳ್ಳಕ್ಕೇ ಬರ್ದಿದ್ರೆ ಮುಂದೆ ಡಿಗ್ರಿನಲ್ಲಿ ಏನ್ಮಾಡ್ತೀರ?” ಎಂದು ಕೇಳಿ, ಅವರೇ ಶನಿವಾರದ ಕ್ಲಾಸು ಶುರು ಮಾಡಿದರು. ಪರೀಕ್ಷೆಗೆ ಇದು ಬೇಕಿರಲಿಲ್ಲ. ಪ್ರಿನ್ಸಿಪಾಲರು ಒಂದು ಖಾಲಿ ರೂಮು ಬಿಟ್ಟುಕೊಟ್ಟರು, ಅಷ್ಟೇ. ಟೇಪ್ ರೆಕಾರ್ಡರನ್ನು ಮೇಡಂ ತಮ್ಮ ಮನೆಯಿಂದ ವೈರ್ ಬ್ಯಾಗಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಇಂಗ್ಲೆಂಡಿನ ಯಾರೋ ಒಬ್ಬ ಗಂಡಸು ರೈಲ್ವೆ ಸ್ಟೇಷನ್ನಿನ ಬಗ್ಗೆ, ಅಂಗಡಿಗೆ ಹೋದ ಮುದುಕಿಯ ಬಗ್ಗೆ, ಅವರ ಊರಿನ ಚಳಿಯ ಬಗ್ಗೆ ಹೇಳುತ್ತಿದ್ದ. ಕೇಳಿದ ಮೇಲೆ ಸೈಕ್ಲೋಸ್ಟೈಲ್ ಮಾಡಿದ ಹಾಳೆಯಲ್ಲಿ ಬಿಟ್ಟ ಸ್ಥಳ ತುಂಬಬೇಕು. ಮುಗಿದ ನಂತರ ಓದುವ ಅಭ್ಯಾಸ: ಒಂದು ಪುಟದ ಇಂಗ್ಲಿಷ್ ಬರಹ, ಅದರ ಕೆಳಗೆ ಪ್ರಶ್ನೆಗಳು.

ಮೊದಲ ದಿನ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಹನುಮಂತನಗರದಿಂದ ಬರುತ್ತಿದ್ದ ನನ್ನ ಗೆಳತಿ, “ಬಾಯಲ್ಲಿ ಬಿಸಿ ಬೋಂಡ ಇಟ್ಕೊಂಡು ಮಾತಾಡ್ತಾನೆ ಕಣೇ” ಅಂದಳು. ಇಡೀ ರೂಮು ನಕ್ಕಿತು, ಮೇಡಂ ಕೂಡ ನಕ್ಕರು. ಅರ್ಥವಾಗಲಿಲ್ಲ ಎನ್ನಲು ನಮಗೆ ನಾಚಿಕೆ. ಅದಕ್ಕೇ ಎಲ್ಲರೂ “ಮೇಡಂ, ಸರಿಯಾಗಿ ಕೇಳಿಸ್ಲಿಲ್ಲ” ಎನ್ನುತ್ತಿದ್ದೆವು. ಅವರು ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕುತ್ತಿದ್ದರು.

ಆ ಮೊದಲ ವಾರಗಳಲ್ಲಿ ಹೆಚ್ಚು ಬಿಟ್ಟ ಸ್ಥಳ ತುಂಬುತ್ತಿದ್ದವಳು ನಾನೇ. ನಮ್ಮಪ್ಪನಿಗೆ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಹಾಕಿಡುವ ಅಭ್ಯಾಸವಿತ್ತು. ಅವರಿಗೂ ತಿಳಿಯುತ್ತಿರಲಿಲ್ಲ, ಮಕ್ಕಳ ಕಿವಿಗೆ ಬೀಳಲಿ ಎಂದು ಹಾಕುತ್ತಿದ್ದರು. ಅದರ ಪುಣ್ಯವೋ ಏನೋ, ಆ ಬಿಸಿ ಬೋಂಡದವನ ಮಾತು ನನಗೆ ಬೇಗ ಹತ್ತಿತು. ಮೇಡಂ ನನ್ನ ಹಾಳೆ ತಿದ್ದಿ ಕೊಡುತ್ತಾ, “ನಿನ್ನ ಕಿವಿ ಚುರುಕಾಗಿದೆ ಕಣಮ್ಮ” ಅಂದರು. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ನಾನು ಆ ವರ್ಷ ಅಷ್ಟು ಖುಷಿಪಟ್ಟ ಇನ್ನೊಂದು ದಿನ ನೆನಪಿಗೆ ಬರುವುದಿಲ್ಲ.

ಕತ್ತಿನ ಗಂಟು ಮತ್ತೆ ಬಂದದ್ದು ಅದಾದ ಕೆಲವೇ ದಿನಗಳಿಗೆ. ಹೈಸ್ಕೂಲಿನಲ್ಲಿ ಒಮ್ಮೆ ಬಂದು, ಟಿಬಿ ಎಂದು ಗೊತ್ತಾಗಿ, ತಿಂಗಳುಗಟ್ಟಲೆ ಮಾತ್ರೆ ನುಂಗಿ ಹೋಗಿತ್ತು. ಈ ಸಲ ಮಾತ್ರೆಯ ಜೊತೆಗೆ ದಿನವೂ ಇಂಜೆಕ್ಷನ್ ಅಂದರು. ಅಮ್ಮ ಟಿಬಿ ಎಂಬ ಶಬ್ದವನ್ನು ಬಾಯಿಂದ ಆಡಿದವಳೇ ಅಲ್ಲ. ಅವಳ ಪಾಲಿಗೆ ಅದು ಬರೀ ಗಂಟು. ಬೀದಿಯಲ್ಲಿ ಒಬ್ಬರಿಗೆ ತಿಳಿದರೆ ನಾಳೆ ನನ್ನನ್ನು ನೋಡುವುದಕ್ಕೆ ಯಾವ ಗಂಡಿನ ಕಡೆಯವರೂ ಬರುವುದಿಲ್ಲ ಎಂಬ ಭಯ ಅವಳಿಗೆ ಹಗಲೂ ರಾತ್ರಿ ಇತ್ತು. ಶ್ರೀನಗರದಲ್ಲಿ, ಹನುಮಂತನಗರದಲ್ಲಿ ಡಾಕ್ಟರುಗಳು ಬೇಕಾದಷ್ಟಿದ್ದರು. ಆದರೂ ಅಮ್ಮ ನನ್ನನ್ನು ಎರಡು ಬಸ್ಸು ಬದಲಾಯಿಸಿ ಸುದ್ದಗುಂಟೆಪಾಳ್ಯದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ನಮ್ಮ ಗುರುತಿನವರು ಯಾರೂ ಇರಲಿಲ್ಲ. ದಿನಾ ಸಂಜೆ ಎಲ್ಲಿಗೆ ಹೋಗುತ್ತೀರಿ ಎಂದು ಪಕ್ಕದ ಮನೆಯ ಆಂಟಿ ಕೇಳಿದಾಗ, “ಇಂಗ್ಲಿಷ್ ಟ್ಯೂಷನ್ ಕಣ್ರೀ” ಅಂದಳು. ಅಲ್ಲಿಗೆ ಬೀದಿಯ ಮಟ್ಟಿಗೆ ನಾನು ದಿನವೂ ಇಂಗ್ಲಿಷ್ ಟ್ಯೂಷನ್ನಿಗೆ ಹೋಗುವ ಹುಡುಗಿಯಾದೆ.

ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯವರೇ. ಮೊದಲ ದಿನವೇ, “ಕಿವಿ ಕಡೆ ಸ್ವಲ್ಪ ನೋಡ್ಕೊಳಿ, ಏನಾದ್ರೂ ಇದ್ರೆ ತಕ್ಷಣ ಹೇಳಿ” ಅಂದಿದ್ದರು. ಆದರೆ ಕಾಯುವವರ ಸಾಲು ಬಾಗಿಲಾಚೆಗೂ ಇತ್ತು, ಅವರು ಬಿಡಿಸಿ ಹೇಳಲಿಲ್ಲ, ಅಮ್ಮ ಬಿಡಿಸಿ ಕೇಳಲಿಲ್ಲ. ಅಮ್ಮನಿಗೆ ಗೊತ್ತಿದ್ದ ಕಿವಿಯ ಕಾಯಿಲೆ ಎಂದರೆ ನೋವು, ಇಲ್ಲವೇ ಸೋರುವುದು. ಅವಳು ಮಾತು ಮರೆಯುವವಳಲ್ಲ. ಬೆಳಿಗ್ಗೆ ಜಡೆ ಹಾಕುವಾಗ ತಪ್ಪದೆ ನನ್ನ ಎರಡೂ ಕಿವಿಯನ್ನು ಮಡಚಿ ನೋಡುತ್ತಿದ್ದಳು.

“ಕಿವಿ ನೋವಿದ್ಯೇನೇ?”

“ಇಲ್ಲಮ್ಮ.”

ನಿಜವಾಗಿಯೂ ನೋವಿರಲಿಲ್ಲ. ಒಳಗೆಲ್ಲೋ ಸಣ್ಣಗೆ ಉಸ್ಸೆಂದು ಸದ್ದು ಮಾತ್ರ ಬರುತ್ತಿತ್ತು. ಹಳೆಯ ಕ್ಯಾಸೆಟ್ಟು ತಿರುಗುವಾಗಲೂ ಅಂಥದೇ ಸದ್ದು ಬರುತ್ತಿತ್ತಲ್ಲ, ಶನಿವಾರ ಕೇಳಿದ್ದೇ ತಲೆಯಲ್ಲಿ ಉಳಿದುಕೊಂಡಿದೆ ಎಂದುಕೊಂಡೆ. ಬಸ್ಸಿನಿಂದ ಇಳಿಯುವಾಗ ತಲೆ ಸುತ್ತುತ್ತಿತ್ತು. ಮಾತ್ರೆಯ ಉಷ್ಣ ಎಂದು ಅಮ್ಮ ಎಳನೀರು ಕೊಡಿಸುತ್ತಿದ್ದಳು.

ದಸರಾ ರಜೆ ಮುಗಿಸಿ ಬಂದ ಮೇಲೆ ಶನಿವಾರದ ಕ್ಲಾಸಿನಲ್ಲಿ ಎಲ್ಲ ತಿರುಗುಮುರುಗಾಯಿತು. ಉಳಿದವರಿಗೆ ಬಿಸಿ ಬೋಂಡದವನು ತಿಳಿಯತೊಡಗಿದ್ದ. ನನ್ನ ಗೆಳತಿಯಂತೂ ಅವನ ಹಾಗೇ ಮೂಗು ಮೇಲೆತ್ತಿ ಮಾತಾಡಿ ತೋರಿಸುತ್ತಿದ್ದಳು. ನನಗೆ ಮಾತ್ರ ಅವನು ಗೋಡೆಯಾಚೆ ಮಾತಾಡುವ ಹಾಗೆ ಕೇಳುತ್ತಿದ್ದ. ದನಿ ಇದೆ, ಏರಿಳಿತ ಇದೆ, ಮಾತೇ ಇಲ್ಲ. “ಮೇಡಂ, ಕೇಳಿಸ್ಲಿಲ್ಲ” ಅಂದೆ. ಅವರು ಮತ್ತೆ ಹಾಕಿದರು. ಮತ್ತೆ ಅಂದೆ. ಮೂರನೆಯ ಸಲ ಹೇಳಲು ನಾಚಿಕೆಯಾಗಿ, ಗೆಳತಿಯ ಹಾಳೆ ನೋಡಿ ತುಂಬಿದೆ.

ಮನೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಮನೆಯ ಮಾತು ಯಾವತ್ತೂ ಅದೇ ನಾಲ್ಕು ಮಾತು: ಊಟಕ್ಕೆ ಬಾ, ಹಾಲು ತಗೊಂಡು ಬಾ, ಗೇಟು ಹಾಕು. ಅಮ್ಮ ಬಾಯಿ ತೆರೆಯುವ ಮೊದಲೇ ತಿಳಿಯುತ್ತಿತ್ತು. ಅಲ್ಲದೆ ಸಣ್ಣ, ತೆಳುವಾದ ಸದ್ದುಗಳು ಕಿವಿಯಿಂದ ಮೊದಲು ಹೋಗುತ್ತವಂತೆ, ದಪ್ಪ ದನಿ ಕೊನೆಯವರೆಗೂ ಉಳಿಯುತ್ತದಂತೆ. ಇದನ್ನೆಲ್ಲ ಆಮೇಲೆ ತಿಳಿದುಕೊಂಡೆ. ನಮ್ಮ ಕನ್ನಡದ ಮಾತು ಬಾಯಿ ತೆರೆದು ಮುಗಿಯುತ್ತದೆ, ಹಾಗಾಗಿ ಅದು ನನಗೆ ದಕ್ಕುತ್ತಿತ್ತು. ಇಂಗ್ಲಿಷಿನವನು ಹಲ್ಲಿನ ಸಂದಿಯಲ್ಲಿ, ತುಟಿಯ ತುದಿಯಲ್ಲಿ ಮುಗಿಸುತ್ತಿದ್ದ. ಅದೂ ಮುಖ ತೋರಿಸದೆ, ಡಬ್ಬದೊಳಗಿಂದ. ನನ್ನ ಕಿವಿ ಹೋಗುತ್ತಿರುವ ಸುದ್ದಿ ಇಡೀ ಬೆಂಗಳೂರಿನಲ್ಲಿ ಆ ಒಂದು ಡಬ್ಬಕ್ಕೆ ಮಾತ್ರ ಗೊತ್ತಿತ್ತು.

ಓದುವುದರಲ್ಲಿ ಮಾತ್ರ ನಾನು ಓಡುತ್ತಿದ್ದೆ. ಸುದ್ದಗುಂಟೆಪಾಳ್ಯಕ್ಕೆ ಹೋಗಿಬರುವ ಬಸ್ಸಿನಲ್ಲಿ ಬೇರೇನು ಕೆಲಸ? ಮೇಡಂ ಕೊಟ್ಟ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಓದಿ ಓದಿ, ಓದುವ ಹಾಳೆಯಲ್ಲಿ ಎಲ್ಲರಿಗಿಂತ ಮುಂದಿದ್ದೆ. ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಯೋಚಿಸಿರಬೇಕು. ದೀಪಾವಳಿ ಮುಗಿದ ಮೇಲೆ ಒಂದು ದಿನ ಅಮ್ಮನನ್ನು ಕರೆದುಕೊಂಡು ಬಾ ಎಂದರು.

ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಳು. ಸ್ಟಾಫ್ ರೂಮಿನಲ್ಲಿ ಮೇಡಂ ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ. ರೂಮು ಚಿಕ್ಕದು, ಇಬ್ಬರ ಮುಖವೂ ಕಾಣುತ್ತಿತ್ತು, ಆಗಿನ್ನೂ ಕನ್ನಡ ಚೆನ್ನಾಗಿ ಕೇಳುತ್ತಿತ್ತು. ಅವತ್ತಿನ ಒಂದೊಂದು ಮಾತೂ ನೆನಪಿದೆ.

“ನೋಡಿ, ಓದೋದ್ರಲ್ಲಿ ಇವ್ಳು ಫಸ್ಟು,” ಎಂದರು ಮೇಡಂ. “ಕೇಳಿಸ್ಕೊಳ್ಳೋದ್ರಲ್ಲೂ ಮೊದ್ಲು ಫಸ್ಟೇ ಇದ್ಲು, ಈಗ ಲಾಸ್ಟು. ಎಲ್ರೂ ಮುಂದಕ್ಕೆ ಹೋಗ್ತಿದ್ರೆ ಇವ್ಳೊಬ್ಳು ಹಿಂದಕ್ಕೆ ಹೋಗ್ತಿದಾಳೆ. ನಾನು ಇಷ್ಟು ವರ್ಷದಲ್ಲಿ ಹೀಗೆ ನೋಡಿಲ್ಲ. ಮನೇಲಿ ಏನಾದ್ರೂ ತೊಂದ್ರೆ ಇದ್ಯಾ?”

“ಏನೂ ಇಲ್ಲ ಮೇಡಂ.”

“ತುಂಬ ಇಳ್ದುಹೋಗಿದಾಳೆ. ಮೈಗೆ ಹುಷಾರಿದಾಳಾ? ಮಾತ್ರೆ, ಇಂಜೆಕ್ಷನ್ನು, ಅಂಥದ್ದೇನಾದ್ರೂ ತಗೋತಿದಾಳಾ?”

ಅಮ್ಮನ ಕಣ್ಣು ಒಂದು ಗಳಿಗೆ ನನ್ನ ಕತ್ತಿಗೆ ಸುತ್ತಿದ್ದ ದುಪಟ್ಟಾದ ಮೇಲೆ ನಿಂತಿತು. ಗಂಟು ಕಾಣದಿರಲಿ ಎಂದು ಅವಳೇ ಸುತ್ತಿ ಪಿನ್ನು ಹಾಕಿ ಕಳಿಸುತ್ತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ನಕ್ಕಳು.

“ಅಯ್ಯೋ, ಇಲ್ಲ ಮೇಡಂ. ಗುಂಡುಕಲ್ಲಿನ ಹಾಗಿದಾಳೆ. ಬರೀ ಕನ್ನಡ ಮೀಡಿಯಂ, ಅಷ್ಟೆ.”

ಮೇಡಂ ಒಪ್ಪಿಕೊಂಡರು. ಒಪ್ಪದೆ ಏನು ಮಾಡುತ್ತಾರೆ? ಆ ಕಾಲೇಜಿನಲ್ಲಿ ಎಲ್ಲರೂ ಎಲ್ಲದಕ್ಕೂ ಒಪ್ಪುತ್ತಿದ್ದ ಕಾರಣ ಅದೊಂದೇ. ಲ್ಯಾಬಿನಲ್ಲಿ ಗಾಜು ಒಡೆದರೆ ಕನ್ನಡ ಮೀಡಿಯಂ, ಪ್ರಶ್ನೆಗೆ ಎದ್ದು ನಿಂತು ಸುಮ್ಮನಿದ್ದರೆ ಕನ್ನಡ ಮೀಡಿಯಂ, ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತರೂ ಕನ್ನಡ ಮೀಡಿಯಂ. ನಾನೂ ಅದನ್ನೇ ನಂಬಿದ್ದೆ. ನನ್ನ ಕಿವಿಯ ಬಗ್ಗೆ ನನಗೇ ಅನುಮಾನ ಬರಲಿಲ್ಲ, ನನ್ನ ಬುದ್ಧಿಯ ಬಗ್ಗೆ ಬಂತು.

ವಾಪಸ್ ಬರುವಾಗ ಅಮ್ಮ ಜಯನಗರ ಕಾಂಪ್ಲೆಕ್ಸಿನ ಹತ್ತಿರ ಚುರುಮುರಿ ಕೊಡಿಸಿದಳು. “ಬೇಜಾರ್ ಮಾಡ್ಕೋಬೇಡ ಕಣೇ. ಗಂಟಿನ ವಿಷ್ಯ ಒಂದ್ಸಲ ಬಾಯಿಂದ ಬಾಯಿಗೆ ಹೋದ್ರೆ ಮುಗೀತು. ಇಂಜೆಕ್ಷನ್ ಇನ್ನೇನು, ಸಂಕ್ರಾಂತಿಗೆ ಮುಗ್ದ್ಹೋಗತ್ತೆ” ಅಂದಳು. ಬೇಜಾರಿರಲಿಲ್ಲ. ಮೇಡಂಗೆ ಗೊತ್ತಾಗಲಿಲ್ಲವಲ್ಲ ಎಂದು ನನಗೂ ಸಮಾಧಾನವೇ ಆಗಿತ್ತು.

ಮೇಡಂ ಕಂಡುಕೊಂಡ ಪರಿಹಾರ ಇನ್ನಷ್ಟು ಅಭ್ಯಾಸ. ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟುಗಳನ್ನೂ ವಾರದ ದಿನಗಳಲ್ಲಿ ನನಗೇ ಕೊಟ್ಟುಬಿಟ್ಟರು. ಸಂಜೆ ಇಂಜೆಕ್ಷನ್ ಹಾಕಿಸಿಕೊಂಡು ಬಂದು, ಊಟಕ್ಕೆ ಮುಂಚೆ ನಡುಮನೆಯಲ್ಲಿ ಕೂತು ಕೇಳುತ್ತಿದ್ದೆ. ಒಂದು ಕಡೆ ಕಿವಿ ಕಳೆಯುವ ಕೆಲಸ, ಇನ್ನೊಂದು ಕಡೆ ಕಿವಿ ತಿದ್ದುವ ಕೆಲಸ, ಎರಡೂ ಒಂದೇ ಸಂಜೆ. ನಾನು ಸದ್ದು ಏರಿಸುತ್ತಲೇ ಹೋದೆ. ಪಕ್ಕದ ಮನೆಯ ಆಂಟಿ ಕಾಂಪೌಂಡಿನಾಚೆಯಿಂದ, “ಏನ್ರೀ, ನಿಮ್ಮನೇಲಿ ದಿನಾ ಲಂಡನ್ನು!” ಎನ್ನುತ್ತಿದ್ದರಂತೆ. ಅಮ್ಮನಿಗೆ ಹೆಮ್ಮೆ.

ಅಮ್ಮ ಪಕ್ಕದಲ್ಲೇ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. ಇಂಗ್ಲಿಷ್ ಬಾರದಿದ್ದರೂ, ಕೇಳಿ ಕೇಳಿ ಆ ರೈಲ್ವೆ ಸ್ಟೇಷನ್ನಿನ ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಒಂದು ದಿನ ನಾನು ಅದೇ ಸಾಲನ್ನು ಮತ್ತೆ ಮತ್ತೆ ಹಾಕಿ ಹಾಕಿ ಸೋತಾಗ, ಅವಳೇ ಅದನ್ನು ಅವನ ಧಾಟಿಯಲ್ಲೇ ಹೇಳಿ ತೋರಿಸಿದಳು.

“ಕೊನೇಲಿ ಇಷ್ಟು ಚೆನ್ನಾಗಿ ಹಾವಿನ ಥರ ಉಸ್ ಅಂತಾನಲ್ಲೇ! ನಿಂಗೆ ಕೇಳಿಸಲ್ವಾ?”

“ಕೇಳ್ಸತ್ತೆ ಬಿಡು. ಅರ್ಥ ಆಗಲ್ಲ ಅಷ್ಟೆ” ಅಂದೆ ಸಿಡುಕಿನಿಂದ.

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. “ಕಿವಿ ನೋವಿದ್ಯಾ?” ಎಂದು ಕೇಳಿದಳು. ಇಲ್ಲವೆಂದೆ. ಅವಳು ಮತ್ತೆ ಸುಲಿಯತೊಡಗಿದಳು.

ಸಂಕ್ರಾಂತಿಗೆ ಇಂಜೆಕ್ಷನ್ ಮುಗಿಯಿತು. ಗಂಟು ಕರಗಿತ್ತು. ಅಮ್ಮ ಹನುಮಂತನಗರದ ಗುಡ್ಡದ ಮೇಲಿನ ದೇವಸ್ಥಾನಕ್ಕೆ ನನ್ನನ್ನು ಕರೆದುಕೊಂಡು ಹೋಗಿ ಪೂಜೆ ಮಾಡಿಸಿದಳು. ದೊಡ್ಡ ಗಂಟೆ ಹೊಡೆದರು. ಅದು ನನಗೆ ಪಾದಕ್ಕೆ ತಿಳಿಯಿತು, ಕಿವಿಗೆ ಅಷ್ಟಾಗಿ ತಿಳಿಯಲಿಲ್ಲ. ಜನರ ಗದ್ದಲ ಅಂದುಕೊಂಡೆ.

ಅದರ ಮುಂದಿನ ಶನಿವಾರ ನಾವೆಲ್ಲ ತಲೆ ತಗ್ಗಿಸಿ ಓದುವ ಹಾಳೆ ಬಿಡಿಸುತ್ತಿದ್ದೆವು. ಗೆಳತಿ ಮೊಣಕೈಯಿಂದ ತಿವಿದಾಗ ತಲೆ ಎತ್ತಿದೆ. ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. ಮೇಡಂ ನನ್ನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯುತ್ತಿದ್ದರಂತೆ. ಅವರು ಮುಂದಕ್ಕೆ ಬಂದರು. ಏನೋ ಹೊಳೆದವರಂತೆ, ಕೈಯಲ್ಲಿದ್ದ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದರು. ಹಾಳೆ ಅಲುಗಿದ್ದು ಕಂಡಿತು. ಬೇರೇನೂ ಇಲ್ಲ. ಆಗ ಅವರು ಅದೇ ಹಾಳೆಯ ಹಿಂಬದಿಯಲ್ಲಿ, ನಾನು ಮಾತಾಡಿದ್ದು ನಿನಗೆ ಕೇಳಿಸಿತಾ ಎಂದು ಇಂಗ್ಲಿಷಿನಲ್ಲಿ ಬರೆದು ನನ್ನ ಮುಂದಿಟ್ಟರು. ಓದುವುದರಲ್ಲಿ ನಾನು ಫಸ್ಟು ತಾನೇ, ಥಟ್ಟನೆ ಓದಿ ತಲೆ ಅಡ್ಡ ಆಡಿಸಿದೆ. ಮೇಡಂ ನನ್ನ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟರು.

ಕಿವಿ ಆಸ್ಪತ್ರೆಗೆ ಅವರೂ ಬಂದರು. ಒಂದು ಸಣ್ಣ ರೂಮಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದು ಸನ್ನೆ ಮಾಡಿದರು. ಗಾಜಿನಾಚೆ ಕೂತಿದ್ದ ಹುಡುಗಿ ಏನೇನೋ ತಿರುಗಿಸುತ್ತಲೇ ಇದ್ದಳು, ನಾನು ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೇ ಇದ್ದೆ. ಹೊರಗೆ ಬಂದ ಮೇಲೆ ಡಾಕ್ಟರು ಅಮ್ಮನ ಕಡೆ ತಿರುಗಿ, ಏನೇನು ಔಷಧಿ ಕೊಡಿಸಿದ್ದೀರಿ ಎಂದು ಕೇಳಿದರಂತೆ. ಅಮ್ಮ ಮೊದಲು ಮೇಡಂ ಮುಖ ನೋಡಿದಳು, ಆಮೇಲೆ ನೆಲ ನೋಡುತ್ತಾ ಹೇಳಿದಳು. ಅವಳ ತುಟಿಯ ಮೇಲೆ ಇಂಜೆಕ್ಷನ್ ಎಂಬ ಮಾತನ್ನು ನಾನು ಓದಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಔಷಧಿಯಿಂದ ಹೋದದ್ದು ವಾಪಸ್ ಬರುವುದಿಲ್ಲ, ಶುರುವಿನಲ್ಲೇ ತಿಳಿದು ನಿಲ್ಲಿಸಿದ್ದರೆ ಬೇರೆ ಔಷಧಿ ಕೊಡಬಹುದಿತ್ತು ಎಂದರಂತೆ. ಯಾರಿಗೂ ಗೊತ್ತೇ ಆಗಲಿಲ್ಲವೇ ಎಂದೂ ಕೇಳಿದರಂತೆ.

ಮೇಡಂ ಬೈಯಲಿಲ್ಲ. ಅಮ್ಮನ ಕೈ ಹಿಡಿದುಕೊಂಡು ನಿಧಾನವಾಗಿ ಒಂದು ಮಾತು ಅಂದರು. ನಿಧಾನವಾಗಿ ಅಂದದ್ದರಿಂದಲೇ ಅದು ನನಗೂ ಕಂಡಿತು.

“ನಾನು ಕೇಳಿದ್ನಲ್ಲಮ್ಮ ನಿಮ್ಮನ್ನ.”

ಅಮ್ಮನ ಮೇಲೆ ನನಗೆ ಬಂದ ಸಿಟ್ಟನ್ನು ನಾನು ಮುಚ್ಚಿಡುವುದಿಲ್ಲ. ಎಷ್ಟೋ ವರ್ಷ ಅವಳು ಮಾತಾಡಿಸಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಿವುಡಿಗೆ ಬಾಗಿಲು ಹಾಕಿಕೊಳ್ಳುವುದು ಅಷ್ಟು ಸುಲಭ. ಗಂಟನ್ನು ದುಪಟ್ಟಾದಲ್ಲಿ ಬಚ್ಚಿಟ್ಟ ಹಾಗೆ ಕಿವಿಯ ಮಷಿನ್ನನ್ನು ಬಚ್ಚಿಡಲಾಗಲಿಲ್ಲ. ಒಂದು ಸಲ ಗಂಡಿನ ಕಡೆಯವರು ಬಂದಾಗ ಅಮ್ಮ ಜಡೆ ಸಡಿಲ ಮಾಡಿ ಕಿವಿಯ ಮೇಲೆ ಇಳಿಬಿಟ್ಟು, ದೊಡ್ಡದಾಗಿ ಮಲ್ಲಿಗೆ ಮುಡಿಸಿದಳು. ಬಂದಿದ್ದ ಹಿರಿಯರೊಬ್ಬರು ಪಕ್ಕದಿಂದ ಏನೋ ಕೇಳಿದರು, ನಾನು ಎದುರಿಗಿದ್ದವರನ್ನು ನೋಡಿ ನಗುತ್ತಾ ಕೂತಿದ್ದೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಅಮ್ಮ ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದ್ದಳೋ ಅದೇ ಆಯಿತು. ನನಗೆ ಅದರಲ್ಲಿ ಒಂದು ಕೆಟ್ಟ ಸಂತೋಷವೂ ಆಯಿತು.

ಸೈನ್ಸ್ ಬಿಟ್ಟೆ. ಓದುವುದೊಂದು ಉಳಿದಿತ್ತು, ಅದನ್ನೇ ಹಿಡಿದುಕೊಂಡೆ. ಮೇಡಂ ಇರುವವರೆಗೂ ಪುಸ್ತಕ ಕೊಡುತ್ತಿದ್ದರು. ಡಿಗ್ರಿಯನ್ನು ಮನೆಯಲ್ಲೇ ಓದಿ ಮುಗಿಸಿ, ಎರಡು ಸಾವಿರದ ಇಸವಿ ದಾಟಿದ ಮೇಲೆ ಜೆ.ಪಿ. ನಗರದ ಒಂದು ಪ್ರಕಾಶನದಲ್ಲಿ ಇಂಗ್ಲಿಷ್ ಪುಸ್ತಕಗಳ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ಶಾಂತವಾದ ಕೆಲಸ. ಅಕ್ಷರಕ್ಕೆ ದನಿ ಬೇಕಿಲ್ಲ.

ಒಂದು ಸಂಜೆ ಕೆಲಸ ಮುಗಿಯದೆ ಪ್ರೂಫಿನ ಕಟ್ಟನ್ನು ಮನೆಗೆ ತಂದಿದ್ದೆ. ಅಷ್ಟು ವರ್ಷಗಳಲ್ಲಿ ಅಮ್ಮ ಒಂದು ಪದ್ಧತಿ ಮಾಡಿಕೊಂಡಿದ್ದಳು. ಮೊದಲು ನನ್ನ ಭುಜ ಮುಟ್ಟುವುದು, ಎದುರಿಗೆ ಬಂದು ನಿಲ್ಲುವುದು, ಮುಖಕ್ಕೆ ಬೆಳಕು ಬೀಳುವ ಹಾಗೆ ತಿರುಗಿ ಆಮೇಲೆ ಮಾತಾಡುವುದು. ಬೆನ್ನು ತಿರುಗಿಸಿ ಒಂದು ಮಾತೂ ಆಡುತ್ತಿರಲಿಲ್ಲ. ಅವತ್ತೂ ಹಾಗೇ ಬಂದು, “ಇದೇನು ಪುಸ್ತಕ?” ಎಂದಳು.

“ಪಿಯುಸಿ ಮಕ್ಕಳಿಗೆ. ಇಂಗ್ಲಿಷ್ ಕೇಳೋದು, ಓದೋದು ಅಭ್ಯಾಸ ಮಾಡ್ಸಕ್ಕೆ.”

“ಕೇಳೋದು ಪುಸ್ತಕದಲ್ಲಿ ಹೇಗಿರತ್ತೆ?”

ಪುಟ ತೆಗೆದು ಮೇಲಿದ್ದ ಸೂಚನೆಯನ್ನು ಕನ್ನಡದಲ್ಲಿ ಹೇಳಿದೆ: ಟೀಚರು ಇದನ್ನು ಗಟ್ಟಿಯಾಗಿ ಓದಬೇಕು, ಮಕ್ಕಳು ಪುಸ್ತಕ ಮುಚ್ಚಿ ಕೇಳಬೇಕು, ಯಾರಿಗೆ ಕೇಳಿಸಲಿಲ್ಲವೋ ಅವರಿಗೆ ಇನ್ನೊಂದು ಸಲ ಓದಬೇಕು.

ಅಮ್ಮ ಅಡುಗೆಮನೆಗೆ ಹೋದಳು. ನಾನು ಕೂತಲ್ಲಿಂದ ಒಲೆಕಟ್ಟೆ ಕಾಣುತ್ತದೆ. ಅವಳು ನನಗೆ ಬೆನ್ನು ಮಾಡಿ ನಿಂತಿದ್ದಳು. ಕೆನ್ನೆಯ ತುದಿ ಅಲುಗುತ್ತಿತ್ತು, ಭುಜ ಅಲುಗುತ್ತಿತ್ತು. ಅವಳು ಮಾತಾಡುತ್ತಿದ್ದಳು, ಅದೂ ನನ್ನ ಕಡೆ ತಿರುಗದೆ, ತುಂಬ ಹೊತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಎದ್ದು ಹೋಗಿ ಅವಳ ಭುಜ ಮುಟ್ಟಿದೆ.

“ಏನಂದೆ ಅಮ್ಮ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಪದ್ಧತಿಯಂತೆ ಬೆಳಕಿಗೆ ತಿರುಗಿ, ನಿಧಾನವಾಗಿ ಹೇಳಿದಳು.

“ಏನಿಲ್ಲ. ಹಾಲು ಉಕ್ಕಿ ಬಂತಲ್ಲಾ ಅಂದೆ.”

ಒಲೆ ಇನ್ನೂ ಹಚ್ಚಿರಲಿಲ್ಲ. ಹಾಲಿನ ಪಾತ್ರೆ ತೊಳೆದು ಮಗುಚಿ ಹಾಕಿತ್ತು.

“ಕೇಳಿಸ್ತು ಬಿಡಮ್ಮ” ಅಂದೆ.